ಹಾಲು ಕೊಡುವ ಹಸು ಒದ್ದರೆ: ಪ್ರತಿಭೆಯೂ ತಂಟೆಯೂ ಇರುವ ಆಟಗಾರನನ್ನು ತಂಡ ಕೊಳ್ಳಬೇಕೆ?

1977ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆಯ ನಾಯಿ ಓಟದ ಮೈದಾನವೊಂದಕ್ಕೆ ಪೀಟರ್ ಟೇಲರ್ ಎಂಬವರು ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಬಂದು ನಿಂತಿದ್ದರು. ನಮ್ಮಲ್ಲಿ ಕುದುರೆ ರೇಸಿಗೆ ದುಡ್ಡು ಕಟ್ಟುವ ಹಾಗೆ ಅಲ್ಲಿ ಗ್ರೇಹೌಂಡ್ ನಾಯಿಗಳ ಓಟಕ್ಕೂ ಕಟ್ಟುತ್ತಾರೆ. ಟೇಲರ್ ಅವರ ಕಣ್ಣು ಮಾತ್ರ ನಾಯಿಗಳ ಮೇಲಿರಲಿಲ್ಲ. ಜನರ ನಡುವೆ ಇದ್ದ ಕೆನ್ನಿ ಬರ್ನ್ಸ್ ಎಂಬ ಫುಟ್‌ಬಾಲ್ ಆಟಗಾರ ಎಷ್ಟು ದುಡ್ಡು ಕಟ್ಟುತ್ತಾನೆ, ಎಷ್ಟು ಕುಡಿಯುತ್ತಾನೆ, ಯಾರ ಜೊತೆ ಜಗಳಕ್ಕೆ ಬೀಳುತ್ತಾನೆ ಎಂದು ಕದ್ದು ನೋಡುವುದು ಅವರ ಕೆಲಸವಾಗಿತ್ತು.

ಟೇಲರ್ ಆಗ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್‌ನ ಸಹಾಯಕ ಮ್ಯಾನೇಜರ್. ಮ್ಯಾನೇಜರ್ ಬ್ರಯಾನ್ ಕ್ಲಫ್. ಬರ್ನ್ಸ್ ಅವರ ಆಟ ಚೆನ್ನಾಗಿತ್ತು, ಹೆಸರು ಚೆನ್ನಾಗಿರಲಿಲ್ಲ. ಜೂಜು, ಹೊಡೆದಾಟ, ಶಿಸ್ತಿಲ್ಲದವನು ಎಂಬ ಮಾತುಗಳು ಹರಡಿದ್ದವು. ಟೇಲರ್ ತಮ್ಮ ಕಣ್ಣಿನಿಂದಲೇ ನೋಡಿ, ಕೊಳ್ಳಬಹುದು ಎಂಬ ತೀರ್ಮಾನಕ್ಕೆ ಬಂದರು. ಸುಮಾರು 1.5 ಲಕ್ಷ ಪೌಂಡ್ ಕೊಟ್ಟು ಬರ್ನ್ಸ್ ಅವರನ್ನು ಕರೆತಂದರು. ಹಿಂದಿನ ಕ್ಲಬ್‌ನಲ್ಲಿ ಮುಂದೆ ನಿಂತು ಗೋಲು ಹೊಡೆಯುತ್ತಿದ್ದವರನ್ನು ಹಿಂದೆ ನಿಲ್ಲಿಸಿ ಡಿಫೆಂಡರ್ ಮಾಡಿದರು. ಅದೇ ತಾನೇ ಎರಡನೇ ದರ್ಜೆಯಿಂದ ಮೇಲೆ ಬಂದಿದ್ದ ಫಾರೆಸ್ಟ್, 1978ರಲ್ಲಿ ಇಂಗ್ಲೆಂಡಿನ ಲೀಗ್ ಗೆದ್ದುಬಿಟ್ಟಿತು. 42 ಪಂದ್ಯಗಳಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟಿದ್ದು 24 ಗೋಲು ಮಾತ್ರ. ಆ ವರ್ಷ ಫುಟ್‌ಬಾಲ್ ಬರಹಗಾರರು ವರ್ಷದ ಆಟಗಾರ ಎಂದು ಆರಿಸಿದ್ದು ಬರ್ನ್ಸ್ ಅವರನ್ನೇ. 1979 ಮತ್ತು 1980ರಲ್ಲಿ ತಂಡ ಯುರೋಪಿಯನ್ ಕಪ್ಪನ್ನೂ ಗೆದ್ದಿತು.

ಈ ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ಉತ್ತರ ಸುಲಭ. ಪ್ರತಿಭೆ ಇದ್ದರೆ ತಂಟೆಕೋರನಾದರೂ ಕೊಳ್ಳಿ, ಮುಂದೆ ಸರಿಹೋಗುತ್ತಾನೆ. ಆದರೆ ಕತೆ ಇಲ್ಲಿಗೆ ನಿಲ್ಲುವುದಿಲ್ಲ, ಅದಕ್ಕೇ ಈ ಬರಹ.

ನಮ್ಮಲ್ಲಿ ಈ ವಿಷಯಕ್ಕೆ ಎರಡು ಮಾತುಗಳಿವೆ, ಒಂದಕ್ಕೊಂದು ತದ್ವಿರುದ್ಧ. ಹಾಲು ಕೊಡುವ ಹಸು ಒದ್ದರೂ ತಡೆದುಕೊಳ್ಳಬೇಕು ಎನ್ನುವುದು ಒಂದು. ಕೊಳೆತ ಒಂದು ಹಣ್ಣು ಬುಟ್ಟಿಯನ್ನೆಲ್ಲ ಕೆಡಿಸುತ್ತದೆ ಎನ್ನುವುದು ಇನ್ನೊಂದು. ಕಚೇರಿಯಲ್ಲಿ, ಮನೆಯಲ್ಲಿ, ನಾಟಕ ತಂಡದಲ್ಲಿ ನಾವು ನಮಗೆ ಬೇಕಾದಾಗ ಬೇಕಾದ ಮಾತನ್ನು ಬಳಸುತ್ತೇವೆ. ಫುಟ್‌ಬಾಲ್ ಕ್ಲಬ್‌ಗಳು ಮಾಡುವುದೂ ಅದನ್ನೇ, ಆದರೆ ಕೋಟಿಗಟ್ಟಲೆ ದುಡ್ಡಿಟ್ಟು. ಹಾಗಾಗಿ ಈ ಎರಡು ಮಾತುಗಳಲ್ಲಿ ಎಷ್ಟು ನಿಜವಿದೆ ಎಂದು ನೋಡಲು ಫುಟ್‌ಬಾಲ್ ಒಳ್ಳೆಯ ಜಾಗ. (ಐಪಿಎಲ್ ಹರಾಜು ನೋಡಿ ಅಭ್ಯಾಸವಿರುವವರಿಗೆ ಒಂದು ಮಾತು: ಇಲ್ಲಿ ಹರಾಜು ಇರುವುದಿಲ್ಲ. ಒಪ್ಪಂದದಲ್ಲಿರುವ ಆಟಗಾರ ಬೇಕೆಂದರೆ ಅವನ ಈಗಿನ ಕ್ಲಬ್‌ಗೆ ದುಡ್ಡು ಕೊಟ್ಟು ಬಿಡಿಸಿಕೊಂಡು ಬರಬೇಕು. ಅದಕ್ಕೆ ಟ್ರಾನ್ಸ್‌ಫರ್ ಎನ್ನುತ್ತಾರೆ.)

ಪ್ರತಿಭೆ ಇದ್ದಲ್ಲಿ ತಿಕ್ಕಲುತನ ಇದ್ದೇ ಇರುತ್ತದೆಯೆ?

ಮೊದಲು ಒಂದು ಗಟ್ಟಿ ನಂಬಿಕೆಯನ್ನು ನೋಡೋಣ. ದೊಡ್ಡ ಕಲಾವಿದ, ದೊಡ್ಡ ಆಟಗಾರ ಎಂದರೆ ಸ್ವಲ್ಪ ಹುಚ್ಚು ಇರಲೇಬೇಕು, ಅದನ್ನು ತೆಗೆದರೆ ಆಟವೂ ಹೋಗುತ್ತದೆ ಎನ್ನುತ್ತಾರೆ. ಮರಡೋನಾ, ಕಾಂಟೊನಾ, ಗ್ಯಾಸ್ಕೊಯ್ನ್ ಎಂದು ಪಟ್ಟಿಯೂ ಸಿದ್ಧವಿರುತ್ತದೆ. ಈ ಪಟ್ಟಿ ಸುಳ್ಳಲ್ಲ. ಆದರೆ ಪಟ್ಟಿ ಹೇಗೆ ತಯಾರಾಯಿತು ಎಂದು ನೋಡಿದರೆ ನಂಬಿಕೆ ಸಡಿಲವಾಗುತ್ತದೆ.

ಒಂದು ಲೆಕ್ಕ ಹಾಕಿ, ಪೂರ್ತಿ ಕಲ್ಪನೆಯದು. ಒಂದು ಕ್ಲಬ್‌ನ ತರಬೇತಿ ಶಾಲೆಯಲ್ಲಿ 100 ಹುಡುಗರಿದ್ದಾರೆ. ಅವರಲ್ಲಿ 20 ಮಂದಿ ಅಸಾಧಾರಣ ಆಟಗಾರರು, 80 ಮಂದಿ ಸಾಧಾರಣ. ತಂಟೆ ಎರಡೂ ಕಡೆ ಒಂದೇ ಪ್ರಮಾಣದಲ್ಲಿದೆ, ನಾಲ್ವರಲ್ಲಿ ಒಬ್ಬ. ಅಂದರೆ ಅಸಾಧಾರಣರಲ್ಲಿ 5 ತಂಟೆಕೋರರು, ಸಾಧಾರಣರಲ್ಲಿ 20. ಇಲ್ಲಿ ಪ್ರತಿಭೆಗೂ ತಂಟೆಗೂ ಯಾವ ನಂಟೂ ಇಲ್ಲ, ನಾವೇ ಹಾಗೆ ಇಟ್ಟಿದ್ದೇವೆ. ಈಗ ಕೋಚ್ ಆಯ್ಕೆ ಮಾಡುತ್ತಾರೆ. ಸಾಧಾರಣ ಆಟದವನು ತಂಟೆ ಮಾಡಿದರೆ ಅವನನ್ನು ಯಾರು ಇಟ್ಟುಕೊಳ್ಳುತ್ತಾರೆ? 20 ಮಂದಿಯೂ ಮನೆಗೆ ಹೋದರು. ಅಸಾಧಾರಣ ಆಟದವನು ತಂಟೆ ಮಾಡಿದರೆ ಬೈದು, ಬುದ್ಧಿ ಹೇಳಿ, ಉಳಿಸಿಕೊಳ್ಳುತ್ತಾರೆ. ಐವರೂ ಉಳಿದರು. ಈಗ ಹೊರಗಿನಿಂದ ನೀವು ಆ ತಂಡವನ್ನು ನೋಡಿದರೆ ಏನು ಕಾಣುತ್ತದೆ? ತಂಡದಲ್ಲಿರುವ ತಂಟೆಕೋರರೆಲ್ಲರೂ ಅಸಾಧಾರಣ ಆಟಗಾರರೇ! ತಂಟೆಗೂ ಪ್ರತಿಭೆಗೂ ಬಿಡಿಸಲಾರದ ನಂಟು ಇದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನಂಟು ಹುಟ್ಟಿದ್ದು ಜರಡಿಯಿಂದ.

ಇದನ್ನು ಅಂಕಿಅಂಶ ಶಾಸ್ತ್ರದಲ್ಲಿ ಬರ್ಕ್‌ಸನ್ ವಿರೋಧಾಭಾಸ ಎನ್ನುತ್ತಾರೆ. 1946ರಲ್ಲಿ ಜೋಸೆಫ್ ಬರ್ಕ್‌ಸನ್ ಎಂಬ ಅಮೆರಿಕದ ವೈದ್ಯ ಮತ್ತು ಅಂಕಿಅಂಶ ತಜ್ಞರು ಆಸ್ಪತ್ರೆಯ ದಾಖಲೆಗಳ ಬಗ್ಗೆ ಇದೇ ಎಚ್ಚರಿಕೆ ಕೊಟ್ಟಿದ್ದರು. ಆಸ್ಪತ್ರೆಗೆ ಸೇರಿದವರನ್ನು ಮಾತ್ರ ನೋಡಿದರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕಾಯಿಲೆಗಳ ನಡುವೆ ಸಂಬಂಧ ಇರುವಂತೆ ಕಾಣಬಹುದು ಎಂದು. ಫುಟ್‌ಬಾಲ್ ಮೈದಾನವೂ ಅಂಥದೇ ಒಂದು ಆಸ್ಪತ್ರೆ. ಜರಡಿಯಲ್ಲಿ ಕೆಳಗೆ ಬಿದ್ದವರ ಹೆಸರು ನಮಗೆ ಗೊತ್ತೇ ಇರುವುದಿಲ್ಲ.

ಇದರಿಂದ ಕೊಳ್ಳುವವರಿಗೆ ಒಂದು ಉಪಯೋಗವಿದೆ. ಆಟಗಾರನ ಕೋಪವೇ ಅವನ ಆಟದ ಗುಟ್ಟು, ಮುಟ್ಟಬೇಡಿ ಎಂದು ಏಜೆಂಟ್ ಹೇಳಿದರೆ ನಂಬಬೇಕಿಲ್ಲ. ಕೋಪ ಇಳಿದರೂ ಆಟ ಉಳಿಯಬಹುದು. ಬರ್ನ್ಸ್ ವಿಷಯದಲ್ಲಿ ಆಗಿದ್ದು ಅದೇ.

ಬುಟ್ಟಿ ಕೆಡುವುದು ಯಾವಾಗ?

ಇನ್ನು ಹಣ್ಣಿನ ಮಾತು. ಹಣ್ಣಾದ ಮಾವು ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಅದು ಪಕ್ಕದ ಕಾಯಿಗಳನ್ನೂ ಬೇಗ ಹಣ್ಣಾಗಿಸುತ್ತದೆ. ಕೊಳೆತ ಹಣ್ಣಿನ ಬೂಷ್ಟು ಅಂಥ ಮೆತ್ತನೆಯ ಹಣ್ಣುಗಳಿಗೆ ಬೇಗ ಹಬ್ಬುತ್ತದೆ. ಹಾಗಾಗಿ ಮಾವಿನ ವಿಷಯದಲ್ಲಿ ಅಜ್ಜಿ ಹೇಳಿದ್ದು ನಿಜ. ಮನುಷ್ಯರ ವಿಷಯದಲ್ಲಿ?

2006ರಲ್ಲಿ ವಿಲ್ ಫೆಲ್ಪ್ಸ್, ಟೆರೆನ್ಸ್ ಮಿಚೆಲ್ ಮತ್ತು ಎಲೈಜಾ ಬೈಯಿಂಗ್ಟನ್ ಎಂಬ ಸಂಶೋಧಕರು ಇದೇ ಗಾದೆಯನ್ನು ತಲೆಬರಹದಲ್ಲಿಟ್ಟು ಒಂದು ಪ್ರಬಂಧ ಬರೆದರು. ತಂಡವನ್ನು ಕೆಡಿಸುವ ನಡವಳಿಕೆಯನ್ನು ಅವರು ಮೂರು ಬಗೆಯಾಗಿ ನೋಡುತ್ತಾರೆ. ತನ್ನ ಪಾಲಿನ ಕೆಲಸ ಮಾಡದೆ ಇರುವುದು, ಸದಾ ಮುಖ ಗಂಟಿಕ್ಕಿಕೊಂಡು ಎಲ್ಲರ ಹುಮ್ಮಸ್ಸು ಇಳಿಸುವುದು, ಜೊತೆಯವರನ್ನು ಹೀನಾಯವಾಗಿ ನಡೆಸಿಕೊಳ್ಳುವುದು. ಇದಕ್ಕಿಂತ ಮುಖ್ಯವಾದ ಮಾತು, ಉಳಿದವರ ಕೈಯಲ್ಲಿ ಏನಿದೆ ಎನ್ನುವುದು. ಹಿರಿಯ ಆಟಗಾರರು ಕರೆದು ಬುದ್ಧಿ ಹೇಳಲು, ಕೇಳದಿದ್ದರೆ ಹೊರಗಿಡಲು ಶಕ್ತರಾಗಿದ್ದರೆ ತಂಡ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. 'ಅವನನ್ನು ಯಾರೂ ಮುಟ್ಟುವಂತಿಲ್ಲ' ಎಂದು ಮೇಲಿನವರು ಸೂಚನೆ ಕೊಟ್ಟಿದ್ದರೆ ಉಳಿದವರು ತಮ್ಮನ್ನು ತಾವು ಕಾಪಾಡಿಕೊಳ್ಳಲು ತೊಡಗುತ್ತಾರೆ. ಮಾತು ಕಡಿಮೆಯಾಗುತ್ತದೆ, ಪಾಸ್ ಕಡಿಮೆಯಾಗುತ್ತದೆ. ಬುಟ್ಟಿ ಕೆಡುವುದು ಆಗ.

ಹಣದ ಲೆಕ್ಕವೂ ಉಂಟು. 2015ರಲ್ಲಿ ಮೈಕೆಲ್ ಹೌಸ್‌ಮನ್ ಮತ್ತು ಡಿಲನ್ ಮೈನರ್ ಅವರು 11 ಕಂಪನಿಗಳ 50,000ಕ್ಕೂ ಹೆಚ್ಚು ನೌಕರರ ದಾಖಲೆ ನೋಡಿದರು. ಕಿರುಕುಳ, ಕಳ್ಳತನ, ಹೊಡೆದಾಟದಂಥ ಕಾರಣಕ್ಕೆ ಕೆಲಸ ಕಳೆದುಕೊಂಡವರನ್ನು 'ವಿಷಕಾರಿ ನೌಕರ' ಎಂದು ಎಣಿಸಿದರು. ಅತ್ಯುತ್ತಮ ಶೇ 1ರಷ್ಟು ನೌಕರರಲ್ಲಿ ಒಬ್ಬನನ್ನು ಸೇರಿಸಿಕೊಂಡರೆ ಕಂಪನಿಗೆ ಸುಮಾರು 5,300 ಡಾಲರ್ ಲಾಭ. ಒಬ್ಬ ವಿಷಕಾರಿಯನ್ನು ತಪ್ಪಿಸಿದರೆ ಸುಮಾರು 12,500 ಡಾಲರ್ ಉಳಿತಾಯ. ಕುತೂಹಲದ ಸಂಗತಿ ಎಂದರೆ ಈ ವಿಷಕಾರಿಗಳು ಕೆಲಸದ ವೇಗದಲ್ಲಿ ಸರಾಸರಿಗಿಂತ ಮುಂದಿದ್ದರು. ಅವರನ್ನು ಅಷ್ಟು ದಿನ ಯಾಕೆ ಇಟ್ಟುಕೊಂಡಿದ್ದರು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಆದರೆ ಈ ಲೆಕ್ಕವನ್ನು ಹಾಗೇ ಎತ್ತಿ ಫುಟ್‌ಬಾಲ್‌ಗೆ ಹಚ್ಚಲಾಗದು. ಕಚೇರಿಯಲ್ಲಿ ಅತ್ಯುತ್ತಮ ನೌಕರ ಇತರರಿಗಿಂತ ಎರಡು ಪಟ್ಟು ಕೆಲಸ ಮಾಡಿದರೆ ಹೆಚ್ಚು. ಮೈದಾನದಲ್ಲಿ ಒಬ್ಬನೇ ಇಡೀ ವರ್ಷವನ್ನು ಬದಲಿಸಬಲ್ಲ. ಅದಕ್ಕೆ ಲಿವರ್‌ಪೂಲ್ ಕ್ಲಬ್‌ನ ಕತೆ ನೋಡಬೇಕು. ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ಕ್ಲಬ್ ಎರಡು ಸಲ ಇದೇ ಜೂಜಾಡಿತು.

ಕಚ್ಚಿದವರು ಮತ್ತು ಪಟಾಕಿ ಹಚ್ಚಿದವರು

ಉರುಗ್ವೆಯ ಲೂಯಿಸ್ ಸುವಾರೆಸ್ 2010ರ ನವೆಂಬರ್‌ನಲ್ಲಿ ಹಾಲೆಂಡಿನ ಅಯಾಕ್ಸ್ ತಂಡಕ್ಕೆ ಆಡುತ್ತಿದ್ದಾಗ ಎದುರಾಳಿಯ ಭುಜ ಕಚ್ಚಿದರು. ಹೌದು, ಹಲ್ಲಿನಿಂದ. 7 ಪಂದ್ಯಗಳ ನಿಷೇಧವಾಯಿತು. ಆ ನಿಷೇಧ ಇನ್ನೂ ಮುಗಿದಿರಲಿಲ್ಲ, 2011ರ ಜನವರಿಯಲ್ಲಿ ಲಿವರ್‌ಪೂಲ್ 2.28 ಕೋಟಿ ಪೌಂಡ್ ಕೊಟ್ಟು ಅವರನ್ನು ಕೊಂಡಿತು. ಅಲ್ಲಿ ಆಡಿದ 133 ಪಂದ್ಯಗಳಲ್ಲಿ 82 ಗೋಲು. 2013-14ರ ಲೀಗ್‌ನಲ್ಲಿ ತಂಡ ಹೊಡೆದ 101 ಗೋಲುಗಳಲ್ಲಿ 31 ಅವರದೇ, ಅದರಲ್ಲಿ ಒಂದೂ ಪೆನಾಲ್ಟಿ ಅಲ್ಲ. ಕೇವಲ 2 ಅಂಕಗಳಿಂದ ಲಿವರ್‌ಪೂಲ್‌ಗೆ ಪ್ರಶಸ್ತಿ ತಪ್ಪಿತು.

ಹಾಲು ಇಷ್ಟಾಯಿತು, ಇನ್ನು ಒದೆ. ಸುವಾರೆಸ್ ಅಲ್ಲಿ ಒಟ್ಟು 19 ಪಂದ್ಯಗಳ ನಿಷೇಧಕ್ಕೆ ಒಳಗಾದರು. 2013ರ ಏಪ್ರಿಲ್‌ನಲ್ಲಿ ಚೆಲ್ಸಿಯ ಇವಾನೊವಿಚ್ ಅವರ ತೋಳು ಕಚ್ಚಿದ್ದಕ್ಕೆ 10, ಪ್ರೇಕ್ಷಕರಿಗೆ ಬೆರಳು ತೋರಿಸಿದ್ದಕ್ಕೆ 1, ಮ್ಯಾಂಚೆಸ್ಟರ್ ಯುನೈಟೆಡ್‌ನ ಪ್ಯಾಟ್ರಿಸ್ ಎವ್ರಾ ಅವರನ್ನು ಬಣ್ಣ ಹಿಡಿದು ನಿಂದಿಸಿದ್ದಕ್ಕೆ 8. ಮೂರನೇ ಸಲ ಕಚ್ಚಿದ್ದು 2014ರ ವಿಶ್ವಕಪ್‌ನಲ್ಲಿ, ಇಟಲಿಯ ಕಿಯೆಲ್ಲಿನಿ ಅವರನ್ನು. 4 ತಿಂಗಳು ಫುಟ್‌ಬಾಲ್‌ನಿಂದಲೇ ದೂರ ಇರಬೇಕಾಯಿತು. ಆ ನಿಷೇಧ ನಡೆಯುತ್ತಿರುವಾಗಲೇ ಬಾರ್ಸಿಲೋನಾ ಅವರನ್ನು ಕೊಂಡುಕೊಂಡಿತು. 6.5 ಕೋಟಿ ಪೌಂಡ್ ಎಂದು ಕೆಲವು ವರದಿ, 7.5 ಕೋಟಿ ಎಂದು ಕೆಲವು. 2015ರಲ್ಲಿ ಬಾರ್ಸಿಲೋನಾ ಸ್ಪೇನಿನ ಲೀಗ್, ಸ್ಪೇನಿನ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಿತು. ಎರಡು ಕ್ಲಬ್‌ಗಳ ಲೆಕ್ಕದ ಪುಸ್ತಕದಲ್ಲೂ ಸುವಾರೆಸ್ ಲಾಭವೇ.

ಅಂದಹಾಗೆ, ವಯಸ್ಸಾದ ಮೇಲೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಒಂದು ಸುದ್ದಿ: 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಲೀಗ್ಸ್ ಕಪ್ ಫೈನಲ್ ಸೋತ ಬಳಿಕ, 38 ವರ್ಷದ ಸುವಾರೆಸ್ ಎದುರಾಳಿ ಕ್ಲಬ್‌ನ ಸಿಬ್ಬಂದಿಯೊಬ್ಬರ ಮೇಲೆ ಉಗುಳಿ ಮತ್ತೆ ನಿಷೇಧಕ್ಕೆ ಒಳಗಾದರು.

ಈಗ ಎರಡನೇ ಜೂಜು. ಸುವಾರೆಸ್ ಹೋದ ಮೇಲೆ ಲಿವರ್‌ಪೂಲ್‌ಗೆ ಸ್ಟ್ರೈಕರ್ ಬೇಕಿತ್ತು. ಅಲೆಕ್ಸಿಸ್ ಸಾಂಚೆಸ್ ಆರ್ಸೆನಲ್‌ಗೆ ಹೋದರು. ಲೊಯಿಕ್ ರೆಮಿ ಜೊತೆಗಿನ ಮಾತುಕತೆ ವೈದ್ಯಕೀಯ ಪರೀಕ್ಷೆಯ ಹಂತದಲ್ಲಿ ಮುರಿಯಿತು. ಆಟಗಾರರನ್ನು ಕೊಳ್ಳುವ ಗಡುವು ಹತ್ತಿರವಾಗುತ್ತಿತ್ತು. 'ಮಾರಿಯೊ ಬಾಲೊಟೆಲ್ಲಿ ಖಂಡಿತ ಬರುವುದಿಲ್ಲ' ಎಂಬರ್ಥದ ಮಾತನ್ನು ಪತ್ರಕರ್ತರೆದುರು ಆಡಿದ್ದ ಮ್ಯಾನೇಜರ್ ಬ್ರೆಂಡನ್ ರಾಜರ್ಸ್, 2014ರ ಆಗಸ್ಟ್ ಕೊನೆಯಲ್ಲಿ ಅದೇ ಬಾಲೊಟೆಲ್ಲಿಯವರನ್ನು ಮಿಲಾನ್‌ನಿಂದ 1.6 ಕೋಟಿ ಪೌಂಡ್‌ಗೆ ಕೊಂಡರು.

ಬಾಲೊಟೆಲ್ಲಿ ಎಂದರೆ ಪತ್ರಿಕೆಗಳಿಗೆ ಹಬ್ಬ. 2011ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಆಡುತ್ತಿದ್ದಾಗ ಅವರ ಮನೆಯ ಬಚ್ಚಲಿನಲ್ಲಿ ಪಟಾಕಿ ಸಿಡಿದು ಅಗ್ನಿಶಾಮಕ ದಳ ಬಂದಿತ್ತು. ಅದರ ಬೆನ್ನಿಗೇ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಎರಡು ಗೋಲು ಹೊಡೆದು, ಅಂಗಿ ಎತ್ತಿ 'ಯಾವಾಗಲೂ ನಾನೇ ಯಾಕೆ?' ಎಂಬ ಬರಹ ತೋರಿಸಿದ್ದರು. ಸಿಟಿ ಆ ಪಂದ್ಯವನ್ನು 6-1ರಿಂದ ಗೆದ್ದಿತು. ಆದರೆ ಲಿವರ್‌ಪೂಲ್‌ನಲ್ಲಿ ಲೀಗ್‌ನ 16 ಪಂದ್ಯಗಳಲ್ಲಿ ಅವರು ಹೊಡೆದಿದ್ದು ಒಂದೇ ಒಂದು ಗೋಲು. ಎರಡು ವರ್ಷದ ಬಳಿಕ ಬಿಡಿಗಾಸೂ ಪಡೆಯದೆ ಕ್ಲಬ್ ಅವರನ್ನು ಬಿಟ್ಟುಕೊಟ್ಟಿತು.

ನೋಡಿದ್ದೀಯಾ, ತಂಟೆಕೋರನನ್ನು ಕೊಂಡರೆ ಹೀಗೇ ಎಂದರು ಎಲ್ಲರೂ. ನಿಜವೆ? ಲಿವರ್‌ಪೂಲ್‌ನಲ್ಲಿ ಬಾಲೊಟೆಲ್ಲಿ ಮಾಡಿದ ತಂಟೆ ನೋಡಿ: ಪಂದ್ಯದ ನಡುವಿನ ಬಿಡುವಿನಲ್ಲಿ ಎದುರಾಳಿಯ ಜೊತೆ ಅಂಗಿ ಬದಲಿಸಿಕೊಂಡರು, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಒಂದು ಪೋಸ್ಟಿಗೆ 1 ಪಂದ್ಯದ ನಿಷೇಧ, 25,000 ಪೌಂಡ್ ದಂಡ. ಕಚ್ಚುವುದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಅವರು ಸೋತಿದ್ದು ಆಟದಲ್ಲಿ. ಆ ತಂಡ ಎದುರಾಳಿಯನ್ನು ಉಸಿರು ಬಿಡದಂತೆ ಅಟ್ಟಿಸಿಕೊಂಡು ಹೋಗುವ ಆಟಕ್ಕೆ ಹೆಸರಾಗಿತ್ತು. ಬಾಲೊಟೆಲ್ಲಿ ನಿಂತಲ್ಲಿ ಚೆಂಡು ಬೇಡುವ ಆಟಗಾರ. ಜೊತೆಗೆ ಓಡಬೇಕಿದ್ದ ಡೇನಿಯಲ್ ಸ್ಟರಿಜ್ ಗಾಯಗೊಂಡು ಆ ವರ್ಷದ ಬಹುಪಾಲು ಹೊರಗಿದ್ದರು. ಮುಂದೆ ಬಾಲೊಟೆಲ್ಲಿ ಫ್ರಾನ್ಸಿನ ನೀಸ್ ತಂಡಕ್ಕೆ ಹೋಗಿ ಮೊದಲ ವರ್ಷ ಲೀಗ್‌ನಲ್ಲಿ 15, ಎರಡನೇ ವರ್ಷ 18 ಗೋಲು ಹೊಡೆದರು. ಮನುಷ್ಯ ಅವರೇ, ಹೆಸರೂ ಅದೇ. ನನ್ನ ಪ್ರಕಾರ ಲಿವರ್‌ಪೂಲ್ ತಂಟೆಯ ಬಗ್ಗೆ ಎಷ್ಟು ಯೋಚಿಸಿತೋ, ಅವರು ಈ ತಂಡಕ್ಕೆ ಹೊಂದುತ್ತಾರೆಯೆ ಎಂಬ ಬಗ್ಗೆ ಅಷ್ಟು ಯೋಚಿಸಲಿಲ್ಲ. ಕೊನೆ ಗಳಿಗೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡ ಸಾಮಾನು ಮನೆಗೆ ಹೊಂದದಿದ್ದರೆ ಆಗುವಂತೆ ಆಯಿತು.

ಕಡಿಮೆ ಬೆಲೆ ಎಂದೆ. ಅದರಲ್ಲೂ ಒಂದು ಪಾಠವಿದೆ. 1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆ ಕಾರುಗಳ ಪೇಟೆಯ ಬಗ್ಗೆ ಬರೆದ ಲೇಖನ ಮುಂದೆ ಅವರಿಗೆ ನೊಬೆಲ್ ತಂದುಕೊಟ್ಟಿತು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಪೇಟೆಗೆ ಬಂದಿದೆ ಎನ್ನುವುದೇ ಒಂದು ಸುಳಿವು. ಆಟಗಾರನ ಜೊತೆ ದಿನಾ ಬೆಳಗ್ಗೆ ತರಬೇತಿ ನಡೆಸಿದ ಕ್ಲಬ್ ಅವನನ್ನು ಅಗ್ಗಕ್ಕೆ ಬಿಡುತ್ತಿದ್ದರೆ, ಯಾಕೆ ಎಂದು ಕೇಳಬೇಕು. ಟೇಲರ್ ಕಪ್ಪು ಕನ್ನಡಕ ಹಾಕಿಕೊಂಡು ನಾಯಿ ಓಟಕ್ಕೆ ಹೋಗಿದ್ದು ಈ ಕತ್ತಲನ್ನು ಕಡಿಮೆ ಮಾಡಿಕೊಳ್ಳಲು. ಹೆಸರು ಕೆಟ್ಟಿದ್ದರಿಂದ ಬೆಲೆ ಇಳಿದಿದೆ, ಮನುಷ್ಯ ಅಷ್ಟು ಕೆಟ್ಟಿಲ್ಲ ಎಂದು ಗೊತ್ತಾದರೆ ಅದು ನಿಜವಾದ ಲಾಭ.

ತಂಟೆ ಎಂದು ಕರೆದದ್ದು ಕಾಯಿಲೆಯಾಗಿದ್ದರೆ?

ಟೇಲರ್ ಮತ್ತು ಕ್ಲಫ್ ಹೊಸದಾಗಿ ಬಂದ ಆಟಗಾರನನ್ನು ಕೂರಿಸಿಕೊಂಡು, ನಿನ್ನ ದೌರ್ಬಲ್ಯ ಯಾವುದು, ಕುಡಿತವೋ ಜೂಜೋ ಇನ್ನೊಂದೋ, ಈಗಲೇ ಹೇಳು, ಸಹಾಯ ಮಾಡುತ್ತೇವೆ ಎನ್ನುತ್ತಿದ್ದರಂತೆ. ಟೇಲರ್ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಆ ಕಾಲಕ್ಕೆ ಇದು ದೊಡ್ಡ ಮಾತು. ಈಗಲೂ ಎಷ್ಟೋ ಕ್ಲಬ್‌ಗಳು ಮೊಣಕಾಲಿನ ಸ್ಕ್ಯಾನ್ ಮಾಡಿಸಿದಷ್ಟು ಶ್ರದ್ಧೆಯಿಂದ ಮನಸ್ಸನ್ನು ವಿಚಾರಿಸುವುದಿಲ್ಲ.

ವಿಚಾರಿಸಬೇಕಾದ ಕಾರಣವಿದೆ. ವೃತ್ತಿಪರ ಆಟಗಾರರ ಅಂತರರಾಷ್ಟ್ರೀಯ ಸಂಘ ಫಿಫ್ಪ್ರೊ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಆಡುತ್ತಿರುವ ಆಟಗಾರರಲ್ಲಿ ಶೇ 38 ಮಂದಿ ಖಿನ್ನತೆ ಅಥವಾ ಆತಂಕದ ಲಕ್ಷಣಗಳಿವೆ ಎಂದು ಹೇಳಿಕೊಂಡಿದ್ದರು. ಲಕ್ಷಣ ಇದ್ದ ಮಾತ್ರಕ್ಕೆ ಕಾಯಿಲೆ ಎಂದಲ್ಲ, ಅದು ವೈದ್ಯರು ಹೇಳಬೇಕಾದದ್ದು. ಆದರೂ ಸಂಖ್ಯೆ ಸಣ್ಣದಲ್ಲ.

ಡೆಲೆ ಆಲಿ ಅವರ ಹೆಸರು ಕೇಳಿರಬಹುದು. 2016 ಮತ್ತು 2017ರಲ್ಲಿ ಸತತವಾಗಿ ಇಂಗ್ಲೆಂಡಿನ ಅತ್ಯುತ್ತಮ ಯುವ ಆಟಗಾರ. ಆಮೇಲೆ ಆಟ ಇಳಿಯುತ್ತಾ ಹೋಯಿತು. ಸೋಮಾರಿ, ತಲೆಗೇರಿದೆ, ಶ್ರದ್ಧೆಯಿಲ್ಲ ಎಂದು ವರ್ಷಗಟ್ಟಲೆ ಜನ ಮಾತಾಡಿಕೊಂಡರು. 2023ರ ಜುಲೈಯಲ್ಲಿ ಒಂದು ಸಂದರ್ಶನದಲ್ಲಿ ಅವರೇ ಬಾಯಿಬಿಟ್ಟರು: ಆರನೇ ವಯಸ್ಸಿನಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದು, ನಿದ್ರೆ ಮಾತ್ರೆಗಳ ಚಟಕ್ಕೆ ಬಿದ್ದಿದ್ದು, ಅಮೆರಿಕದ ಪುನರ್ವಸತಿ ಕೇಂದ್ರದಲ್ಲಿ ಆರು ವಾರ ಇದ್ದು ಬಂದದ್ದು. ಹೊರಗಿನಿಂದ ಕಂಡ ಸೋಮಾರಿತನದ ಒಳಗೆ ಇದಿತ್ತು. ಚಟ, ಖಿನ್ನತೆ ಇವೆಲ್ಲ ಚಿಕಿತ್ಸೆ ಇರುವ ಆರೋಗ್ಯದ ತೊಂದರೆಗಳು. ಚಿಕಿತ್ಸೆ ಕೊಡಿಸುವ ಮನಸ್ಸೂ ತಾಳ್ಮೆಯೂ ಇರುವ ತಂಡಕ್ಕೆ ಅಂಥ ಆಟಗಾರನನ್ನು ಸೇರಿಸಿಕೊಳ್ಳುವುದು ತಪ್ಪು ನಿರ್ಧಾರವಲ್ಲ. ದಂಡ ಹಾಕಿ, ಬೆಂಚಿನಲ್ಲಿ ಕೂರಿಸಿ ಖಿನ್ನತೆಯನ್ನು ಗುಣಪಡಿಸಲು ಹೋಗುವವರು ಮಾತ್ರ ಕೊಳ್ಳದಿರುವುದೇ ಒಳ್ಳೆಯದು, ಆಟಗಾರನ ದೃಷ್ಟಿಯಿಂದ.

ಫಾರೆಸ್ಟ್‌ಗೆ ಮತ್ತೆ

ಬರ್ನ್ಸ್ ಕತೆಯ ಮುಂದಿನ ಭಾಗಕ್ಕೆ ಬರೋಣ. 1979ರ ಕೊನೆಯಲ್ಲಿ ಕ್ಲಫ್ ಮತ್ತು ಟೇಲರ್ ಇನ್ನೊಬ್ಬ ಜೂಜುಕೋರ ಪ್ರತಿಭೆಯನ್ನು ತಂದರು, ಸ್ಟ್ಯಾನ್ ಬೌಲ್ಸ್. ಅದೇ ಮ್ಯಾನೇಜರ್, ಅದೇ ಉಪಾಯ. ಈ ಸಲ ಆಗಲಿಲ್ಲ. ಜೊತೆ ಆಟಗಾರ ಜಾನ್ ರಾಬರ್ಟ್‌ಸನ್ ಅವರ ಗೌರವಾರ್ಥ ನಡೆದ ಪಂದ್ಯದಲ್ಲಿ ಆಡಲು ಕ್ಲಫ್ ಬಿಡಲಿಲ್ಲವೆಂದು ಬೌಲ್ಸ್ ಮುನಿಸಿಕೊಂಡು, 1980ರ ಯುರೋಪಿಯನ್ ಕಪ್ ಫೈನಲ್‌ಗೆ ತಂಡದ ಜೊತೆ ಹೋಗಲೇ ಇಲ್ಲ. ತಂಡ ಅವರಿಲ್ಲದೆಯೇ ಗೆದ್ದಿತು. ಇಬ್ಬರನ್ನು ಕೊಂಡರೆ ಒಬ್ಬರು ಕೈಹಿಡಿಯಬಹುದು ಎಂಬ ಲೆಕ್ಕವೇ ಇಲ್ಲಿ ವಾಸ್ತವ. ಬರ್ನ್ಸ್ ಹೆಸರು ಮಾತ್ರ ನೆನಪಿನಲ್ಲಿ ಉಳಿಯುತ್ತದೆ, ಅದು ಮತ್ತೆ ಅದೇ ಜರಡಿ.

ಮೂರನೆಯವರ ಕತೆ ಹೇಳಲು ಕಷ್ಟ. 1981ರಲ್ಲಿ ಫಾರೆಸ್ಟ್ 10 ಲಕ್ಷ ಪೌಂಡ್ ಕೊಟ್ಟು ಜಸ್ಟಿನ್ ಫಶಾನು ಎಂಬ 20 ವರ್ಷದ ಸ್ಟ್ರೈಕರ್‌ನನ್ನು ಕೊಂಡಿತು. ಬ್ರಿಟನ್ನಿನಲ್ಲಿ ಆ ಬೆಲೆ ಪಡೆದ ಮೊದಲ ಕಪ್ಪು ಆಟಗಾರ ಅವರು. ಗೋಲು ಬರಲಿಲ್ಲ, 32 ಲೀಗ್ ಪಂದ್ಯಗಳಲ್ಲಿ 3 ಮಾತ್ರ. ಅಷ್ಟರಲ್ಲಿ ಅವರು ಸಲಿಂಗಿಗಳು ಸೇರುವ ಕ್ಲಬ್‌ಗಳಿಗೆ ಹೋಗುತ್ತಾರೆ ಎಂಬ ಸುದ್ದಿ ಕ್ಲಫ್ ಕಿವಿಗೆ ಬಿತ್ತು. ನಿನ್ನ ದೌರ್ಬಲ್ಯ ಹೇಳು, ಸಹಾಯ ಮಾಡುತ್ತೇವೆ ಎನ್ನುತ್ತಿದ್ದ ಅದೇ ಮ್ಯಾನೇಜರ್ ಫಶಾನು ಅವರನ್ನು ಹೀಯಾಳಿಸಿದರು, ತಂಡದ ಜೊತೆ ತರಬೇತಿಗೆ ಬರದಂತೆ ತಡೆದರು. ಮುಂದಿನ ವರ್ಷದ ಕೊನೆಗೆ 1.5 ಲಕ್ಷ ಪೌಂಡ್‌ಗೆ ಪಕ್ಕದ ಕ್ಲಬ್‌ಗೆ ಮಾರಿದರು. ಫಶಾನು 1990ರಲ್ಲಿ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡರು. 1998ರಲ್ಲಿ, 37ನೇ ವಯಸ್ಸಿನಲ್ಲಿ, ತಮ್ಮ ಜೀವ ತಾವೇ ಕಳೆದುಕೊಂಡರು. ಅದಕ್ಕೆ ಕಾರಣಗಳು ಹಲವು ಇದ್ದಿರಬಹುದು, ಎಲ್ಲವನ್ನೂ ಒಂದು ಕ್ಲಬ್‌ನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಫಾರೆಸ್ಟ್‌ನಲ್ಲಿ ತೊಂದರೆ ಎಂದು ಎಣಿಸಿದ್ದು ತೊಂದರೆಯೇ ಆಗಿರಲಿಲ್ಲ. ಆ ಹುಡುಗ ಯಾರನ್ನೂ ಕಚ್ಚಿರಲಿಲ್ಲ, ಯಾರಿಗೂ ಹೊಡೆದಿರಲಿಲ್ಲ. (ಕ್ಲಫ್ ಸ್ವತಃ ಮುಂದೆ ಕುಡಿತದಿಂದ ನಲುಗಿ, 2003ರಲ್ಲಿ ಯಕೃತ್ತಿನ ಕಸಿ ಮಾಡಿಸಿಕೊಳ್ಳಬೇಕಾಯಿತು. ಅವರನ್ನು ಯಾರೂ ತಂಡದಿಂದ ದೂರ ಇಟ್ಟಿರಲಿಲ್ಲ.)

ಒದೆ ತಿನ್ನುವವರು ಯಾರು?

ಹಸುವಿನ ಗಾದೆಯಲ್ಲಿ ಒಂದು ಸಣ್ಣ ಮೋಸವಿದೆ. ಹಾಲು ಕುಡಿಯುವವನೂ ಒದೆ ತಿನ್ನುವವನೂ ಒಬ್ಬನೇ ಎಂದು ಅದು ಭಾವಿಸುತ್ತದೆ. ಬರ್ನ್ಸ್ ಜೂಜಾಡಿ ಸೋತರೆ ದುಡ್ಡು ಹೋಗುವುದು ಅವರದೇ. ಬಾಲೊಟೆಲ್ಲಿ ಬಚ್ಚಲಿನಲ್ಲಿ ಸಿಡಿದ ಪಟಾಕಿಯಿಂದ ಸುಟ್ಟಿದ್ದು ಅವರ ಮನೆಯೇ. ಆದರೆ ಸುವಾರೆಸ್ ಗೋಲು ಹೊಡೆದಾಗ ಕುಣಿದವರು ಲಿವರ್‌ಪೂಲ್‌ನವರು, ಬೈಗುಳ ತಿಂದವರು ಎವ್ರಾ. ಅಷ್ಟೇ ಅಲ್ಲ, 8 ಪಂದ್ಯಗಳ ನಿಷೇಧ ಪ್ರಕಟವಾದ ಬೆನ್ನಿಗೇ, 2011ರ ಡಿಸೆಂಬರ್ 21ರಂದು, ಲಿವರ್‌ಪೂಲ್ ಆಟಗಾರರು ಸುವಾರೆಸ್ ಚಿತ್ರವಿದ್ದ ಟೀ ಶರ್ಟ್ ತೊಟ್ಟು ಅಭ್ಯಾಸಕ್ಕೆ ಇಳಿದರು. ಆ ದಿನದ ತಂಡದಲ್ಲಿದ್ದ ಜೇಮೀ ಕ್ಯಾರಗರ್ 2019ರಲ್ಲಿ ಟಿವಿಯಲ್ಲಿ ಎವ್ರಾ ಎದುರೇ ಕುಳಿತು, ಅದು ದೊಡ್ಡ ತಪ್ಪು ಎಂದು ಕ್ಷಮೆ ಕೇಳಿದರು. ಬಳಿಕ ಕ್ಲಬ್ ಕೂಡ ಎವ್ರಾ ಅವರಿಗೆ ಕ್ಷಮೆಯ ಪತ್ರ ಬರೆಯಿತು. 2.28 ಕೋಟಿಗೆ ಕೊಂಡು 6.5 ಕೋಟಿಗೆ ಮಾರಿದ ಲೆಕ್ಕದಲ್ಲಿ ಆ ಎಂಟು ವರ್ಷಗಳಿಗೆ ಜಾಗವೇ ಇಲ್ಲ.

ಹಾಗಾದರೆ ಕೊಳ್ಳಬೇಕೆ ಬೇಡವೆ? ನನ್ನನ್ನು ಕೇಳಿದರೆ, ಆಟಗಾರ ಎಷ್ಟು ಚೆನ್ನಾಗಿ ಆಡುತ್ತಾನೆ ಎಂಬ ಪ್ರಶ್ನೆಗೆ ಮೊದಲು, ಅವನ ತಂಟೆಯಿಂದ ಇದುವರೆಗೆ ನೋವಾಗಿರುವುದು ಯಾರಿಗೆ ಎಂದು ಕೇಳುತ್ತೇನೆ. ಅವನಿಗೇ ಆಗಿದ್ದರೆ, ಸಹಾಯ ಮಾಡುವ ಜನ ನಮ್ಮಲ್ಲಿದ್ದರೆ, ಕೊಳ್ಳುವುದು ಸರಿ, ಸೋತರೂ ಸರಿ. ತರಬೇತಿಗೆ ತಡವಾಗಿ ಬರುವವನು, ಮುನಿಸಿಕೊಳ್ಳುವವನು ಆದರೆ, ಹಿರಿಯ ಆಟಗಾರರಿಗೆ ಅವನನ್ನು ಗದರುವ ಅಧಿಕಾರ ಇದೆಯೆ ಎಂದು ನೋಡಬೇಕು. ಸುವಾರೆಸ್ ಅವರನ್ನು 2011ರಲ್ಲಿ ನಾನೂ ಕೊಳ್ಳುತ್ತಿದ್ದೆನೇನೋ. ಆ ಟೀ ಶರ್ಟ್ ಮಾತ್ರ ಯಾವ ಲೆಕ್ಕದಲ್ಲೂ ಕೂರುವುದಿಲ್ಲ. ಇನ್ನು ಬೇರೆಯವರ ಮೇಲೆ ಎಸಗಿದ ಹಿಂಸೆಯನ್ನು 'ತಂಟೆ' ಎಂಬ ಮೆದುವಾದ ಮಾತಿನಲ್ಲಿ ಸುತ್ತಿ ತಂದು ತೋರಿಸಿದರೆ, ಗೋಲುಗಳ ಲೆಕ್ಕ ಅಲ್ಲಿಗೇ ಮುಗಿಯಬೇಕು.

ಸ್ಕಾಟ್ಲೆಂಡಿನ ರೇತ್ ರೋವರ್ಸ್ ಎಂಬ ಸಣ್ಣ ಕ್ಲಬ್ ಆ ಲೆಕ್ಕ ಹಾಕಿಯೇ ಮುಂದೆ ಹೋಯಿತು. 2022ರ ಜನವರಿಯ ಕೊನೆಯ ದಿನ ಡೇವಿಡ್ ಗುಡ್‌ವಿಲ್ಲಿ ಎಂಬ ಸ್ಟ್ರೈಕರ್‌ನನ್ನು ಅದು ಸೇರಿಸಿಕೊಂಡಿತು. ಗುಡ್‌ವಿಲ್ಲಿ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆದಿರಲಿಲ್ಲ. ಆದರೆ 2017ರಲ್ಲಿ ಸಿವಿಲ್ ನ್ಯಾಯಾಲಯವೊಂದು ಅವರೂ ಇನ್ನೊಬ್ಬ ಆಟಗಾರನೂ ಒಬ್ಬ ಮಹಿಳೆಯ ಮೇಲೆ ಅತ್ಯಾಚಾರ ಎಸಗಿದ್ದಾರೆಂದು ತೀರ್ಪು ಕೊಟ್ಟು, 1 ಲಕ್ಷ ಪೌಂಡ್ ಪರಿಹಾರಕ್ಕೆ ಆದೇಶಿಸಿತ್ತು. ಆಟದ ದೃಷ್ಟಿಯಿಂದ ಮಾಡಿದ ಆಯ್ಕೆ ಎಂದು ಕ್ಲಬ್ ಮೊದಲು ಸಮರ್ಥಿಸಿಕೊಂಡಿತು. ಪತ್ತೇದಾರಿ ಕಾದಂಬರಿಗಳಿಂದ ಹೆಸರಾದ ಲೇಖಕಿ ವಾಲ್ ಮೆಕ್‌ಡರ್ಮಿಡ್ ಕ್ಲಬ್‌ಗೆ ಕೊಡುತ್ತಿದ್ದ ಪ್ರಾಯೋಜಕತ್ವ ನಿಲ್ಲಿಸಿದರು. ಇಬ್ಬರು ನಿರ್ದೇಶಕರು ರಾಜೀನಾಮೆ ಕೊಟ್ಟರು. ಹತ್ತು ವರ್ಷ ಆ ಕ್ಲಬ್‌ಗೆ ಆಡಿದ್ದ ಮಹಿಳಾ ತಂಡದ ನಾಯಕಿ ತಂಡ ಬಿಟ್ಟರು. ಕೆಲವೇ ದಿನಗಳಲ್ಲಿ ಕ್ಲಬ್ ತಪ್ಪೊಪ್ಪಿಕೊಂಡು, ಗುಡ್‌ವಿಲ್ಲಿ ನಮ್ಮ ಪರ ಆಡುವುದಿಲ್ಲ ಎಂದು ಪ್ರಕಟಿಸಿತು. ಅವರು ಅಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಮಹಿಳಾ ತಂಡ ಮಾತ್ರ ವಾಪಸ್ ಬರಲಿಲ್ಲ. ಕ್ಲಬ್‌ನ ನಂಟು ಕಡಿದುಕೊಂಡು, ಹೊಸ ಹೆಸರು ಇಟ್ಟುಕೊಂಡು ಆಡತೊಡಗಿತು: ಮೆಕ್‌ಡರ್ಮಿಡ್ ಲೇಡೀಸ್.